ನೋಡ್ ಸರ್ವರಲ್ಲಿ ಒಂದೇ ಸಲಕ್ಕೆ ಎಲ್ರೂ ಡೌನ್‌ಲೋಡ್ ಒತ್ತಿದಾಗ: ನನ್ನ ಅನುಭವ

ಸ್ಪರ್ಧಾತ್ಮಕ ಪರೀಕ್ಷೆಗೆ ಓದೋರಿಗೆ ಕ್ಲಾಸ್ ವಿಡಿಯೋ, ನೋಟ್ಸ್ ಕೊಡೋ ಒಂದು ಸಣ್ಣ ಸೈಟ್ ನೋಡ್ಕೊಳ್ತೀನಿ. ನೋಡ್ ಜೆಎಸ್ (ಸರ್ವರಲ್ಲಿ ಜಾವಾಸ್ಕ್ರಿಪ್ಟ್ ಓಡ್ಸೋದು), ಅದರ ಮೇಲೆ ಎಕ್ಸ್‌ಪ್ರೆಸ್ ಅನ್ನೋ ಫ್ರೇಮ್‌ವರ್ಕ್, 2 ಜಿಬಿ ಮೆಮೊರಿ ಇರೋ ಒಂದು ವಿಪಿಎಸ್ ಅಂದ್ರೆ ಬಾಡಿಗೆ ಸರ್ವರ್, ಅಷ್ಟೇ. ದಿನಾ ಆರಾಮಾಗಿ ಓಡ್ತಿತ್ತು, ಆದ್ರೆ ಹೊಸ ವಿಡಿಯೋ ಲಿಂಕ್ ಗ್ರೂಪಿಗೆ ಬಿಟ್ಟ ತಕ್ಷಣ ಎಲ್ರೂ ಒಟ್ಟಿಗೆ ಮುಗಿಬಿದ್ದು ಪ್ರೋಸೆಸ್ಸೇ ಸತ್ತೋಗೋದು.

ನನ್ನ ಕೈಗೆ ಬಂದ ಕೋಡಲ್ಲಿ ರೀಡ್‌ಫೈಲ್ ಮಾಡಿ, ಅಂದ್ರೆ ಇಡೀ ಫೈಲನ್ನ ಮೆಮೊರಿಗೆ ಎಳ್ಕೊಂಡು, ಆ ಬಫರನ್ನ ಸೆಂಡ್‌ಗೆ ಕೊಟ್ಟಿದ್ರು. ಲೆಕ್ಕ ಹಾಕಿ, 200 ಎಂಬಿ ಫೈಲು, 50 ಜನ, ಅಲ್ಲಿಗೆ 10 ಜಿಬಿ. ಸಾಲದ್ದಕ್ಕೆ ಎಕ್ಸ್‌ಪ್ರೆಸ್ಸಿನ ಸೆಂಡ್ ಅಷ್ಟೂ ಬಫರಿಗೆ ಇಟ್ಯಾಗ್ (ಫೈಲ್ ಬದಲಾಗಿದೆಯಾ ಅಂತ ಬ್ರೌಸರ್ ತಿಳ್ಕೊಳ್ಳೋ ಗುರುತು) ಲೆಕ್ಕ ಹಾಕುತ್ತೆ, ಅದೂ ಮೇನ್ ಥ್ರೆಡ್ಡಲ್ಲೇ, ಅಷ್ಟೊತ್ತು ಲಾಗಿನ್ ಪೇಜ್ ಕೂಡ ತೆರೆಯಲ್ಲ. ಹೀಪ್ (ಜಾವಾಸ್ಕ್ರಿಪ್ಟ್ ಡೇಟಾ ಇರೋ ಮೆಮೊರಿ) ಎಷ್ಟಿದೆ ಅಂತ ನೋಡಿದ್ರೆ ಏನೂ ಏರಿರಲ್ಲ, ಯಾಕಂದ್ರೆ ಬಫರುಗಳು ವಿ8 ಅನ್ನೋ ಜಾವಾಸ್ಕ್ರಿಪ್ಟ್ ಎಂಜಿನ್ನಿನ ಹೀಪಿನ ಹೊರಗಿರ್ತವೆ, ಆರ್‌ಎಸ್‌ಎಸ್, ಅಂದ್ರೆ ಪ್ರೋಸೆಸ್ ಹಿಡಿದಿರೋ ಒಟ್ಟು ಮೆಮೊರಿ, ನೋಡಿದ್ರೇನೇ ಗೊತ್ತಾಗೋದು. ಹೀಪ್ ಸೈಜ್ ಜಾಸ್ತಿ ಮಾಡಿ ಅಂತ ಹೇಳೋರು ಬೇಕಾದಷ್ಟು ಜನ ಸಿಗ್ತಾರೆ, ಇಲ್ಲಿ ಅದರಿಂದ ನಯಾಪೈಸೆ ಉಪಯೋಗ ಇಲ್ಲ, ಪ್ರೋಸೆಸ್ಸನ್ನ ಕೊಲ್ತಿರೋದು ಮೆಮೊರಿ ಮುಗಿದಾಗ ಎದ್ದು ಬರೋ ಲಿನಕ್ಸಿನ ಓಓಎಂ ಕಿಲ್ಲರ್.

ಕ್ರಿಯೇಟ್‌ರೀಡ್‌ಸ್ಟ್ರೀಮ್ ಹಾಕಿ ರೆಸ್ಪಾನ್ಸಿಗೆ ಪೈಪ್ ಮಾಡಿದ್ರೆ ಮೆಮೊರಿ ಸಮಸ್ಯೆ ಮುಗೀತು. 64 ಕೆಬಿ ತುಂಡುಗಳಲ್ಲಿ ಓದುತ್ತೆ, ಆ ಕಡೆಯವರ ನೆಟ್ ನಿಧಾನ ಇದ್ರೆ ಓದೋದನ್ನೂ ನಿಲ್ಲಿಸುತ್ತೆ. ತುಂಬ ಜನ ಇಲ್ಲಿಗೇ ಕೆಲಸ ಆಯ್ತು ಅಂತ ಎದ್ದು ಹೋಗ್ತಾರೆ, ಆದ್ರೆ ನಿಜವಾದ ತಲೆನೋವು ಅರ್ಧದಲ್ಲಿ ಬಿಟ್ಟು ಹೋಗೋರದ್ದು.

ಕರ್ಲ್‌ಗೆ (ಕಮಾಂಡ್ ಲೈನಿಂದ ಡೌನ್‌ಲೋಡ್ ಮಾಡೋ ಟೂಲ್) ಲಿಮಿಟ್‌ರೇಟ್ 50 ಕೆ ಕೊಟ್ಟು ವೇಗ ತಗ್ಗಿಸಿ ಒಂದಷ್ಟು ಡೌನ್‌ಲೋಡ್ ಒಟ್ಟಿಗೆ ಶುರು ಮಾಡಿ, ನಡುವಲ್ಲಿ ಎಲ್ಲಾನೂ ಕಟ್ ಮಾಡಿ, ಪ್ರಾಕ್ ಫೋಲ್ಡರಲ್ಲಿ ಆ ಪ್ರೋಸೆಸ್ಸಿನ ಎಫ್‌ಡಿ ಲಿಸ್ಟ್, ಅಂದ್ರೆ ಅದು ತೆರೆದಿಟ್ಟಿರೋ ಫೈಲು, ಸಾಕೆಟ್ (ನೆಟ್ ಕನೆಕ್ಷನ್) ಪಟ್ಟಿ, ನೋಡಿದೆ. ಸಾಕೆಟ್‌ಗಳೆಲ್ಲ ಹೋಗಿವೆ, ಆದ್ರೆ ಅದೇ ಎಂಪಿ4 ಫೈಲಿನ ಹೆಸರು ಸಾಲಾಗಿ ಕೂತಿದೆ, ಒಂದೂ ಕ್ಲೋಸ್ ಆಗಿಲ್ಲ. ಬರೀ ಪೈಪ್ ಹಾಕಿದ್ರೆ ಹೀಗೇ, ರೆಸ್ಪಾನ್ಸ್ ಮುಚ್ಚಿಕೊಂಡ್ರೂ ಫೈಲ್ ಸ್ಟ್ರೀಮನ್ನ ಯಾರೂ ಡಿಸ್ಟ್ರಾಯ್ ಮಾಡಲ್ಲ, ಹೀಗೇ ಗುಡ್ಡೆ ಆಗ್ತಾ ಆಗ್ತಾ ಒಂದಿನ ಇಎಂಫೈಲ್ (ತೆರೆದ ಫೈಲುಗಳ ಮಿತಿ ಮೀರಿತು) ಎರರ್ ಬಂದು ಹೊಸ ಫೈಲೇ ಓಪನ್ ಆಗಲ್ಲ. ನೋಡ್ 10ರಿಂದ ಪೈಪ್‌ಲೈನ್ ಅನ್ನೋ ಫಂಕ್ಷನ್ ಇದೆ, ಒಂದು ಕಡೆ ಮುಚ್ಚಿಕೊಂಡ್ರೆ ಇನ್ನೊಂದನ್ನೂ ಅದೇ ಮುಚ್ಚುತ್ತೆ, ಅದನ್ನ ಹಾಕಿದ ಮೇಲೆ ಅದೇ ಟೆಸ್ಟಲ್ಲಿ ಲಿಸ್ಟಲ್ಲಿ ಆ ಎಂಪಿ4 ಒಂದೂ ಉಳಿದಿಲ್ಲ. ಅದರ ಕಾಲ್‌ಬ್ಯಾಕಲ್ಲಿ ಪ್ರೀಮೆಚ್ಯೂರ್ ಕ್ಲೋಸ್ ಎರರ್ ಬಂದ್ರೆ ಗಾಬರಿ ಬೇಡ, ಯಾರೋ ಟ್ಯಾಬ್ ಮುಚ್ಚಿದ್ದಾರೆ ಅಷ್ಟೇ. ಅಲ್ಲಿ 500 (ಸರ್ವರ್ ಎರರ್) ಉತ್ತರ ಕಳ್ಸೋಕೆ ಹೋಗ್ಬೇಡಿ, ಹೆಡರ್ ಆಗ್ಲೇ ಹೋಗಿರುತ್ತೆ.

ಆಮೇಲೆ ರೇಂಜ್, ಅಂದ್ರೆ ಫೈಲಿನ ಬೇಕಾದ ಭಾಗ ಮಾತ್ರ ಕೇಳಿ ನಿಂತಲ್ಲಿಂದ ಮುಂದುವರಿಸೋದು. ಹಳ್ಳಿ ಕಡೆ ಮೊಬೈಲ್ ಡೇಟಾದಲ್ಲಿ 180 ಎಂಬಿ ಇಳಿದ ಮೇಲೆ ಸಿಗ್ನಲ್ ಹೋದ್ರೆ ಮತ್ತೆ ಸೊನ್ನೆಯಿಂದ ಶುರು ಆಗೋದು, ಪಾಪ ಅವರ ಡೇಟಾನೂ ಹಾಳು ನಮ್ಮ ಬ್ಯಾಂಡ್‌ವಿಡ್ತೂ ಹಾಳು. ಎಕ್ಸ್‌ಪ್ರೆಸ್ಸಿನ ಡೌನ್‌ಲೋಡ್ ಫಂಕ್ಷನ್ 206 (ಫೈಲಿನ ಒಂದು ಭಾಗ ಅಷ್ಟೇ) ಉತ್ತರ, ರೇಂಜ್ ಎಲ್ಲ ತಾನೇ ನೋಡ್ಕೊಳ್ಳುತ್ತೆ, ಕೈಯಲ್ಲಿ ಬರೆಯೋ ಅಗತ್ಯ ಇಲ್ಲ. ಆದ್ರೆ ಡೌನ್‌ಲೋಡ್ ಮ್ಯಾನೇಜರ್ ಇಟ್ಕೊಂಡಿರೋನು ಒಬ್ಬನೇ ಒಂದೇ ಫೈಲಿಗೆ ಹಲವು ಕನೆಕ್ಷನ್ ತೆಗೀತಾನೆ, ಹಂಗಾಗಿ ಐಪಿಗೆ ಇಷ್ಟು ಅಂತ ಮಿತಿ ಹಾಕ್ಲೇಬೇಕು. ಕನ್ನಡದಲ್ಲಿ ಫೈಲ್ ಹೆಸರಿಟ್ಟು ಹೆಡರನ್ನ ಕೈಯಲ್ಲೇ ಬರೆಯೋರಿಗೆ ಇನ್ನೊಂದು ಮಾತು, ಕನ್ನಡ ಅಕ್ಷರ ನೇರ ಹಾಕಿದ್ರೆ ನೋಡ್ ಇನ್‌ವ್ಯಾಲಿಡ್ ಕ್ಯಾರೆಕ್ಟರ್ ಅಂತ ಎರರ್ ಎಸೆಯುತ್ತೆ, ಎನ್‌ಕೋಡ್ ಮಾಡೇ ಕಳಿಸ್ಬೇಕು.

ಇಷ್ಟೆಲ್ಲಾ ಮಾಡಿದ್ರೂ ರಶ್ ಇದ್ದಾಗ ಎಳೆದಾಡೋದು. ಫೈಲ್ ಓದೋ ಕೆಲಸ ಹೋಗೋದು ನೋಡ್ ಒಳಗಿರೋ ಲಿಬ್‌ಯುವಿ ಲೈಬ್ರರಿಯ ಥ್ರೆಡ್‌ಪೂಲಿಗೆ, ಅಲ್ಲಿರೋದು ಡೀಫಾಲ್ಟಾಗಿ 4 ಥ್ರೆಡ್, ಪಾಸ್‌ವರ್ಡ್ ಹ್ಯಾಶ್ ಮಾಡೋದೂ ಅದೇ ನಾಲ್ಕರಲ್ಲಿ. ಅದನ್ನ ಏರಿಸ್ಬೋದು, ಏರಿಸಿ ನೋಡ್ದೆ, ಸ್ವಲ್ಪ ಪರವಾಗಿಲ್ಲ ಅನ್ನಿಸ್ತು. ಆದ್ರೆ ನನ್ನ ಕೇಳಿದ್ರೆ ಫೈಲ್ ಹೊರೋ ಕೆಲಸಾನೇ ನೋಡ್‌ಗೆ ಕೊಡ್ಬಾರ್ದು. ಈಗ ನೋಡ್ ಲಾಗಿನ್, ಫೀಸ್ ಕಟ್ಟಿದ್ದಾರಾ ಅಂತ ಚೆಕ್ ಮಾಡಿ ಎಕ್ಸ್ ಆಕ್ಸೆಲ್ ರಿಡೈರೆಕ್ಟ್ ಅನ್ನೋ ಒಂದು ಹೆಡರ್ ಕಳ್ಸಿ ಕೈ ತೊಳ್ಕೊಳ್ಳುತ್ತೆ, ಮುಂದಿರೋ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಫೈಲ್ ಕೊಡುತ್ತೆ, ರೇಂಜೂ ಐಪಿ ಮಿತಿಯೂ ಅದರದ್ದೇ ಕೆಲಸ. ಎಂಜಿನ್‌ಎಕ್ಸ್ ಸೆಟ್ಟಿಂಗಲ್ಲಿ ಆ ಫೋಲ್ಡರಿಗೆ ಇಂಟರ್ನಲ್ ಅಂತ ಹಾಕೋದು ಮರೀಬೇಡಿ, ಇಲ್ಲಾಂದ್ರೆ ಲಿಂಕ್ ಗೊತ್ತಿರೋರೆಲ್ಲ ನೇರ ಬಂದು ಪುಕ್ಸಟ್ಟೆ ಇಳಿಸ್ಕೊಳ್ತಾರೆ.

ಎಲ್ಲಾ ನೋಟ್ಸ್ ಸೇರಿಸಿ ಜಿಪ್ ಮಾಡಿ ಕೊಡೋದು ಮಾತ್ರ ಇನ್ನೂ ನೋಡಲ್ಲೇ ಇದೆ. ಪಿಡಿಎಫ್ ಹೆಚ್ಚೇನೂ ಕಮ್ಮಿ ಆಗಲ್ಲ ಅಂತ ಕಂಪ್ರೆಷನ್ ತೆಗೆದು ಬರೀ ಸ್ಟೋರ್ ಮೋಡಲ್ಲಿ ಕಟ್ತೀನಿ, ಒಂದು ಸಲಕ್ಕೆ ಎರಡೇ ಜಿಪ್, ಮಿಕ್ಕಿದೋರು ಕ್ಯೂ ನಿಲ್ತಾರೆ.