ಪಿಂಚಣಿಯ ತೆರಿಗೆ: ಏಪ್ರಿಲ್‌ನಲ್ಲೇ ಬರೆದುಕೊಡಿ

ಕಲಬುರಗಿಯ ನಿವೃತ್ತ ಸರ್ಕಾರಿ ನೌಕರ ಬಂಧುಗಳ ಗಮನಕ್ಕೆ. ನಿವೃತ್ತಿಯ ವೇಳೆ ಕೈಸೇರುವ ಗ್ರಾಚ್ಯುಟಿ, ಕಮ್ಯುಟೇಷನ್ ಮೊತ್ತ (ಪಿಂಚಣಿಯ ಒಂದು ಭಾಗದ ಬದಲು ಒಮ್ಮೆಲೇ ಪಡೆಯುವ ಹಣ) ಹಾಗೂ ಗಳಿಕೆ ರಜೆಯ ನಗದು ಸರ್ಕಾರಿ ನೌಕರರಿಗೆ ಪೂರ್ಣ ತೆರಿಗೆಮುಕ್ತವಾಗಿದ್ದರೂ, ತಿಂಗಳ ಪಿಂಚಣಿಯನ್ನು ಕಾನೂನು ಸಂಬಳವೆಂದೇ ಪರಿಗಣಿಸುವುದರಿಂದ ಅದನ್ನು ಪಾವತಿಸುವ ಬ್ಯಾಂಕು ಇಲ್ಲವೇ ಖಜಾನೆಯೇ ತೆರಿಗೆ ಹಿಡಿದುಕೊಳ್ಳುತ್ತದೆ. ನೀವು ಏನನ್ನೂ ತಿಳಿಸದಿದ್ದರೆ ಆದಾಯ ತೆರಿಗೆಯ ಹೊಸ ಪದ್ಧತಿಯೇ ಅನ್ವಯವಾಗಿ 75,000 ರೂಪಾಯಿಯ ಪ್ರಮಾಣಿತ ಕಡಿತ (ತೆರಿಗೆ ಲೆಕ್ಕ ಹಾಕುವ ಮೊದಲು ಪಿಂಚಣಿಯಿಂದ ಕಳೆಯುವ ಮೊತ್ತ) ದೊರೆಯುತ್ತದೆ. ಹಳೆಯದರಲ್ಲಿ ಅದು 50,000 ಮಾತ್ರ, ಆದರೆ ಉಳಿತಾಯ ಮತ್ತು ಆರೋಗ್ಯ ವಿಮೆಯ ವಿನಾಯಿತಿಗಳಿವೆ. ಹಳೆಯದೇ ಬೇಕೆನ್ನುವವರು ಏಪ್ರಿಲ್‌ನಲ್ಲಿಯೇ ಲಿಖಿತವಾಗಿ ತಿಳಿಸಿ, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳುವುದು ಲೇಸು.

ನೌಕರರ ನಿಧನದ ನಂತರ ಮನೆಯವರಿಗೆ ಬರುವ ಕುಟುಂಬ ಪಿಂಚಣಿ ಮಾತ್ರ ಸಂಬಳವಲ್ಲ, ಇತರ ಮೂಲದ ಆದಾಯ. ಹೊಸ ಪದ್ಧತಿಯಲ್ಲಿ ಅದರ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟನ್ನು ಕಳೆಯಬಹುದು. ನಮ್ಮ ಎಷ್ಟೋ ತಾಯಂದಿರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.