ಕಸ ಎತ್ತಿದ್ದು ಸಾಕು, ಎಣಿಸೋಣ ಅಂದ ದಿನ

ನಮ್ಮ ಪರಿಸರ ಗುಂಪು ಶುರುವಾಗಿದ್ದು ಕಸ ಎತ್ತುವುದರಿಂದಲೇ. ಮೊದಲ ವರ್ಷ ಒಂದೇ ಹಳ್ಳದ ದಂಡೆಯನ್ನು ನಾಲ್ಕು ಸಲ ಸ್ವಚ್ಛ ಮಾಡಿದೆವು. ಪ್ರತಿ ಸಲವೂ ಜನ ಸೇರುತ್ತಿದ್ದರು, ಮೂಟೆಗಳು ತುಂಬುತ್ತಿದ್ದವು, ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ಎರಡು ವಾರ ಬಿಟ್ಟು ಹೋಗಿ ನೋಡಿದರೆ ದಂಡೆ ಹಳೇ ಸ್ಥಿತಿಗೇ ಬಂದಿರುತ್ತಿತ್ತು.

ನಾಲ್ಕನೆಯ ಸಲ, ದಿನಾ ಅಲ್ಲಿ ನಡೆಯಲು ಬರುವ ಹಿರಿಯರೊಬ್ಬರು ನನ್ನನ್ನು ನಿಲ್ಲಿಸಿದರು. "ಅಲ್ಲಮ್ಮಾ, ಬಂದಾಗೆಲ್ಲ ಇದೇ ಜಾಗ ಗುಡಿಸ್ತೀರಿ. ಈ ಕಸ ಎಲ್ಲಿಂದ ಬರ್ತಿದೆ ಅಂತ ಯಾರಾದ್ರೂ ನೋಡಿದೀರಾ?" ಅಂದರು. ಉತ್ತರ ನನ್ನ ಹತ್ತಿರ ಇರಲಿಲ್ಲ. ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ಬೆಳಗಿನಿಂದ ಬೆನ್ನು ಬಗ್ಗಿಸಿದವಳಿಗೆ ಇಂಥ ಪ್ರಶ್ನೆ ಬೇಕಿತ್ತಾ ಅನ್ನಿಸಿತು. ಆದರೆ ರಾತ್ರಿ ಮಲಗಿದಾಗಲೂ ಅದೇ ಪ್ರಶ್ನೆ ತಲೆಯಲ್ಲಿ ಓಡುತ್ತಿತ್ತು.

ಕಸ ಎಣಿಸುವುದು ಹೊಸ ವಿಷಯವೇನೂ ಅಲ್ಲ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲ ತೀರದಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓಹಾರಾ ಸ್ವಚ್ಛತಾ ಕೆಲಸ ಶುರು ಮಾಡಿದಾಗ, ಬಂದವರ ಕೈಯಲ್ಲಿ ಸಿಕ್ಕ ವಸ್ತುಗಳನ್ನು ಬರೆಸಿದ್ದರು. ಅದೇ ಈಗ ಹಲವು ದೇಶಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಕರಾವಳಿ ಸ್ವಚ್ಛತೆಯ ಕಾರ್ಯಕ್ರಮ. ಅವರ ಪಟ್ಟಿಯಲ್ಲಿ ವರ್ಷಗಟ್ಟಲೆ ಮೊದಲ ಸ್ಥಾನ ಸಿಗರೇಟ್ ತುಂಡಿನದು. 2019ರ ಎಣಿಕೆಯಲ್ಲಿ ಮೊದಲ ಬಾರಿಗೆ ತಿಂಡಿ ಪೊಟ್ಟಣದ ಹಾಳೆಗಳು ಅದನ್ನು ಹಿಂದೆ ಹಾಕಿದವು. ಅವರು ಬರೆದಿಟ್ಟಿದ್ದಕ್ಕೇ ಇದೆಲ್ಲ ಗೊತ್ತಾಗಿದ್ದು, ಅಲ್ವಾ?

ಹಾಗಾಗಿ ಒಂದು ನೋಟ್‌ಬುಕ್ ತಂದೆ. ಮೊದಲ ಪ್ರಯತ್ನ ಪೂರ್ತಿ ಎಡವಟ್ಟು. ಜಾಣತನ ಮಾಡಲು ಹೋಗಿ ನಲವತ್ತು ಬಗೆಯ ಕಸದ ಪಟ್ಟಿ ಮಾಡಿದ್ದೆ. ಅರ್ಧ ಗಂಟೆಯಲ್ಲಿ ಬರೆಯುವವರೆಲ್ಲ ಕೈ ಚೆಲ್ಲಿದರು. ಇದು ಮುಚ್ಚಳವೋ ಮುಚ್ಚಳದ ತುಂಡೋ ಅಂತ ಜಗಳ ಬೇರೆ. ಮುಂದಿನ ಸಲ ಹತ್ತೇ ಸಾಲು ಇಟ್ಟೆವು.

ಈಗ ಮಾಡುವುದು ಹೀಗೆ. ದಂಡೆಯನ್ನು 50 ಮೀಟರಿನ ತುಂಡುಗಳಾಗಿ ಗುರುತು ಮಾಡುತ್ತೇವೆ. ಒಂದು ತುಂಡಿಗೆ ನಾಲ್ಕು ಜನ. ಇಬ್ಬರು ಎತ್ತುತ್ತಾರೆ, ಒಬ್ಬರು ಮೂಟೆ ಹಿಡಿಯುತ್ತಾರೆ, ಒಬ್ಬರು ಬರೆಯುತ್ತಾರೆ. ಎತ್ತುವವರು ಜೋರಾಗಿ ಹೆಸರು ಹೇಳಬೇಕು, ಬರೆಯುವವರು ಗೀಟು ಎಳೆಯಬೇಕು. ನಾಲ್ಕು ನೇರ ಗೀಟು, ಐದನೆಯದು ಅಡ್ಡ. ಗಾಜಿನ ಚೂರು ಮೂಟೆಗೆ ಹೋಗುವ ಹಾಗಿಲ್ಲ, ಬಕೆಟ್ಟಿಗೇ ಹಾಕಬೇಕು. ಸೂಜಿ, ಸಿರಿಂಜ್ ಕಂಡರೆ ಯಾರೂ ಮುಟ್ಟದೆ ಕರೆಯಬೇಕು. ಮಕ್ಕಳು ಬಂದರೆ ಬರೆಯುವ ಕೆಲಸ ಅವರಿಗೆ. ನೀರಿನ ಅಂಚಿಗೆ ಬಿಡುವುದಿಲ್ಲ. ಬರವಣಿಗೆಯಲ್ಲಿ ಅವರಷ್ಟು ಕಟ್ಟುನಿಟ್ಟು ದೊಡ್ಡವರಿಗೆ ಬರುವುದಿಲ್ಲ ಅನ್ನುವುದೂ ಆಮೇಲೆ ಗೊತ್ತಾಯಿತು.

ಮೊದಲೆಲ್ಲ ಎಷ್ಟು ಕಿಲೋ ಎತ್ತಿದೆವು ಅಂತಲೇ ಹೇಳಿಕೊಳ್ಳುತ್ತಿದ್ದೆವು. ತೂಕ ಮೋಸ ಮಾಡುತ್ತದೆ. ಕೆಸರು ಕುಡಿದ ಒಂದು ಹಳೇ ಬಟ್ಟೆ ನೂರಾರು ಪ್ಲಾಸ್ಟಿಕ್ ಹಾಳೆಗಳಿಗಿಂತ ಭಾರ. ಕಿಲೋ ಲೆಕ್ಕ ನೋಡಿದರೆ ಹಳ್ಳದ ತೊಂದರೆಯೆಲ್ಲ ಹಳೇ ಬಟ್ಟೆಯದ್ದೇ ಅನ್ನಿಸುತ್ತದೆ. ಹಾಗಾಗಿ ಈಗ ತೂಕ ಕೊನೆಗೆ, ಸುಮ್ನೆ ಒಂದು ಅಂದಾಜಿಗೆ.

ಮೂರು ಸಲ ಎಣಿಸಿದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದೇ ಒಂದು ತುಂಡಿನಲ್ಲಿ ಕಾಗದದ ಕಪ್ಪುಗಳು ಬೇರೆ ಕಡೆಗಿಂತ ಬಹಳ ಜಾಸ್ತಿ. ಕಾಗದ ತಾನೇ, ಕರಗಿ ಹೋಗುತ್ತೆ ಅಂತ ಬಿಡುವ ಹಾಗಿಲ್ಲ. ಅದರ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಏರಿ ಹತ್ತಿ ಮೇಲೆ ಹೋದೆವು. ಅಲ್ಲೊಂದು ಬಸ್ ನಿಲ್ದಾಣ. ಕಸದ ಡಬ್ಬಿ ಇತ್ತು, ಜನ ಅದಕ್ಕೇ ಹಾಕುತ್ತಲೂ ಇದ್ದರು. ಆದರೆ ಡಬ್ಬಿಗೆ ಮುಚ್ಚಳ ಇರಲಿಲ್ಲ. ವಾರದ ಕೊನೆಗೆ ತುಂಬಿ ಚೆಲ್ಲುತ್ತಿತ್ತು, ಗಾಳಿ ಬೀಸಿದರೆ ಕಪ್ಪುಗಳೆಲ್ಲ ಹಳ್ಳಕ್ಕೆ. ಅಷ್ಟು ದಿನ ನಾವು ಬೈದುಕೊಂಡಿದ್ದು ಜನರನ್ನು!

ಹಳ್ಳದ ಕಸದ ಬಗ್ಗೆ ಸಂಬಂಧಪಟ್ಟ ಕಚೇರಿಗೆ ಮೊದಲು ಎರಡು ಸಲ ಹೋಗಿ ಬರಿಗೈಲಿ ಬಂದಿದ್ದೆವು. ಈ ಸಲ ನೋಟ್‌ಬುಕ್ ಮೇಜಿನ ಮೇಲೆ ತೆರೆದಿಟ್ಟೆವು. ಯಾವ ದಿನ, ಯಾವ ತುಂಡು, ಎಷ್ಟು ಕಪ್ಪು. ಕೂತಿದ್ದವರು ಪುಟ ತಿರುಗಿಸಿ ನೋಡಿದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಮುಚ್ಚಳವಿರುವ ಡಬ್ಬಿ ಬಂತು, ಶನಿವಾರವೂ ಖಾಲಿ ಮಾಡಲು ಶುರುಮಾಡಿದರು. ಕಪ್ಪುಗಳು ಬರುವುದು ಪೂರ್ತಿ ನಿಂತಿಲ್ಲ. ಆದರೆ ಆ ಸಾಲಿನಲ್ಲಿ ಗೀಟುಗಳು ಅರ್ಧಕ್ಕಿಂತ ಕಡಿಮೆಯಾದವು.

ಗಿಡ ನೆಡುವುದಕ್ಕೂ ನೋಟ್‌ಬುಕ್ ಬಂತು. ಅಲ್ಲಿ ಓದಲು ಕಷ್ಟವಾಗಿದ್ದು ನಮ್ಮ ತಪ್ಪುಗಳ ಪಟ್ಟಿ. ವಿಶ್ವ ಪರಿಸರ ದಿನ 1973ರಿಂದ ಜೂನ್ 5ಕ್ಕೆ ನಡೆಯುತ್ತಿದೆ. ನಾವೂ ಅದೇ ದಿನ ಹಿಡಿದು ನೆಟ್ಟೆವು. ಕ್ಯಾಲೆಂಡರಿನಲ್ಲಿ ತಾರೀಖು ಬಂದರೆ ಸಾಲದು, ಮಣ್ಣೂ ನೆನೆದಿರಬೇಕಲ್ಲ. ಮಳೆ ಇನ್ನೂ ಹಿಡಿದಿರಲಿಲ್ಲ. ಪ್ರತಿ ಗಿಡಕ್ಕೂ ನಂಬರ್ ಕಟ್ಟಿದ್ದರಿಂದ ಯಾವುದು ಯಾಕೆ ಒಣಗಿತು ಅಂತ ಒಂದೊಂದನ್ನೇ ಕಿತ್ತು ನೋಡಿದೆವು. ಕೆಲವನ್ನು ತೀರಾ ಆಳಕ್ಕೆ ಹೂತಿದ್ದೆವು, ಕಾಂಡದ ಬುಡ ಮಣ್ಣಿನೊಳಗೆ ಕೊಳೆತಿತ್ತು. ಕೆಲವದರ ಬೇರು ನರ್ಸರಿ ಚೀಲದೊಳಗೆ ಸುತ್ತಿಕೊಂಡಿತ್ತು, ನಾವು ಬಿಡಿಸದೆ ಹಾಗೇ ಇಟ್ಟಿದ್ದೆವು. ಬುಡಕ್ಕೆ ಒತ್ತಿ ಹುಲ್ಲು ಮುಚ್ಚಿದ್ದೂ ತಪ್ಪೇ. ಹುಲ್ಲಿನ ಹೊದಿಕೆ ಬೇಕು, ಆದರೆ ಕಾಂಡದಿಂದ ನಾಲ್ಕು ಬೆರಳು ದೂರ ಇರಬೇಕು. ಈಗ ಅಂಗೈ ಉದ್ದದಷ್ಟು ಆಳಕ್ಕೆ ಮಣ್ಣು ನೆನೆದ ಮೇಲೇ ಗುಂಡಿಗೆ ಕೈ ಹಾಕುವುದು. ಒಬ್ಬರಿಗೆ ಐದು ಗಿಡ, ಅಷ್ಟೇ. ಎರಡು ಬೇಸಿಗೆ ನೀರು ಹಾಕಲು ಆಗದಿದ್ದರೆ ನೆಡಲೇಬೇಡಿ ಅಂತ ಮುಖಕ್ಕೆ ಹೇಳುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ.

ಗೊಬ್ಬರದ ಗುಂಡಿಯ ಕತೆ ಚಿಕ್ಕದು. ವಾಸನೆ ಬಂತು, ಅಡುಗೆಮನೆಯ ಹಸಿ ಕಸ ಜಾಸ್ತಿಯಾಗಿತ್ತು. ಒಂದು ಪಾಲು ಹಸಿಗೆ ಎರಡು ಮೂರು ಪಾಲು ಒಣ ಎಲೆ ಸೇರಿಸಿ ತಿರುವಿದೆವು, ವಾಸನೆ ಹೋಯಿತು.

ನನಗೆ ತುಂಬ ಇಷ್ಟವಾಗುವುದು ರಿಪೇರಿ ದಿನ, ಅಂದರೆ ಕೆಟ್ಟ ವಸ್ತು ತಂದು ಎಲ್ಲರೂ ಕೂತು ಸರಿಮಾಡುವ ದಿನ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟಿನ್ ಪೊಸ್ಟ್‌ಮಾ ಎಂಬ ಮಹಿಳೆ ಶುರು ಮಾಡಿದ ರಿಪೇರಿ ಕೆಫೆ ನೋಡಿ ಎರಡು ತಿಂಗಳಿಗೊಮ್ಮೆ ನಾವೂ ಮಾಡುತ್ತೇವೆ. ವಸ್ತು ತಂದವರು ಪಕ್ಕದಲ್ಲೇ ಕೂತು ಸ್ಕ್ರೂ ಬಿಚ್ಚಬೇಕು ಎಂಬುದೊಂದೇ ಷರತ್ತು. ಮೈಕ್ರೋವೇವ್ ಮಾತ್ರ ಮುಟ್ಟುವುದಿಲ್ಲ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಬಂದವುಗಳಲ್ಲಿ ಹೆಚ್ಚಿನವು ಸತ್ತೇ ಇರುವುದಿಲ್ಲ. ವೈರ್ ಸಡಿಲ, ಇಲ್ಲವೇ ಒಳಗೆಲ್ಲ ಧೂಳು. ಸರಿಯಾಗದವಕ್ಕೆ ನೋಟ್‌ಬುಕ್ಕಿನಲ್ಲಿ ಪದೇಪದೇ ಬರುವ ಕಾರಣ ಒಂದೇ: "ಅಂಟು ಹಾಕಿದ್ದಾರೆ, ತೆರೆಯಲು ಆಗಲಿಲ್ಲ."

ಆ ಹಿರಿಯರು ಈಗ ನಮ್ಮ ಜೊತೆಗೇ ಬರುತ್ತಾರೆ, ಬರೆಯುವ ಕೆಲಸಕ್ಕೆ. ಹೋದ ಸಲ ಮಳೆಗೆ ಸಿಕ್ಕಿ ಒಂದಿಡೀ ಪುಟದ ಶಾಯಿ ಕಲಸಿ ಹೋಯಿತು. ಈಗ ಅವರ ಜೇಬಿನಲ್ಲಿ ಯಾವಾಗಲೂ ಎರಡು ಪೆನ್ಸಿಲ್ ಇರುತ್ತವೆ.