ಮೈಸೂರು ಶೈಲಿ ಚಿತ್ರ ಟ್ಯಾಬ್ಲೆಟ್ಟಲ್ಲಿ ಬರಲ್ಲ ಅಂದೋರಿಗೆ

ಮಕ್ಕಿ ಸಫೇದ (ಉಬ್ಬಿಗೆ ಹಾಕೋ ಗೆಸ್ಸೋ) ಅರೆದು, ರೇಕು (ತೆಳು ಚಿನ್ನದ ಹಾಳೆ) ಅಂಟಿಸಿ, ಕಲ್ಲಲ್ಲಿ ಉಜ್ಜಿ ಗೊತ್ತಿರೋರಿಗೆ ಅಂತ ಇದನ್ನ ಬರೀತಾ ಇದೀನಿ. ಲೇಯರ್ ಅಂದ್ರೇನು, ಪ್ರೆಶರ್ ಅಂದ್ರೇನು ಅಂತ ಶುರುವಿಂದ ಹೇಳೋಕೆ ಹೋಗಲ್ಲ, ಅದಕ್ಕೆ ಯೂಟ್ಯೂಬಲ್ಲಿ ಬೇಕಾದಷ್ಟು ವಿಡಿಯೋ ಇವೆ. ನಮ್ಮ ಭಾನುವಾರದ ಕ್ಲಾಸಿನ ಗುಂಪಲ್ಲಿ ವರ್ಷಗಟ್ಟಲೆ ಒಂದೇ ಮಾತು, "ಕಂಪ್ಯೂಟರಲ್ಲಿ ಎಲ್ಲಾ ಬರತ್ತೆ ಸಾರ್, ಚಿನ್ನ ಬರಲ್ಲ." ನಮ್ಮ ಮೇಷ್ಟ್ರಂತೂ "ಅದು ಚಿತ್ರ ಅಲ್ಲಪ್ಪ, ಕ್ಯಾಲೆಂಡರ್ರು" ಅಂತ ಒಂದೇ ಏಟಿಗೆ ಮುಗಿಸಿಬಿಟ್ಟಿದ್ರು. ಈಗ ಅದೇ ಮೇಷ್ಟ್ರು ನನ್ನ ಸರಸ್ವತಿ ಪ್ರಿಂಟನ್ನ ಕನ್ನಡಕ ತೆಗೆದು ಹತ್ರ ಹಿಡ್ಕೊಂಡು, ಕಿರೀಟದ ಮೇಲೆ ಬೆರಳಾಡಿಸಿ ನೋಡಿದ್ರು, ಉಬ್ಬು ಇದೆಯಾ ಅಂತ. ಇರ್ಲಿಲ್ಲ. ನಂಗಷ್ಟು ಸಾಕು.

ಯಾಕೆ ಈ ಕಡೆ ಬಂದೆ ಅಂದ್ರೆ ದುಡ್ಡಿಗೆ, ಬೇರೆ ದೊಡ್ಡ ಕಾರಣ ಏನಿಲ್ಲ. ಹವ್ಯಾಸಕ್ಕೆ ಬರೆಯೋನು ನಾನು, ಸಂಬಳ ಬರೋದು ಬೇರೆ ಕಡೆಯಿಂದ. ಒಂದು ಹನ್ನೆರಡು ಬೈ ಹದಿನೈದು ಇಂಚಿನ ಲಕ್ಷ್ಮಿ, ಪ್ರಭಾವಳಿ ಸಮೇತ ಬರೆಯೋಕೆ ಹೋದ್ರೆ ರೇಕಿಗೇ ನಾಲ್ಕು ಐದು ಸಾವಿರ ಹೋಗ್ತಿತ್ತು, ಆಮೇಲೆ ಹಲಗೆ, ಬಣ್ಣ, ತೇಗದ ಫ್ರೇಮು, ಗಾಜು, ಎಲ್ಲಾ ಸೇರಿ ಒಂಬತ್ತು ಸಾವಿರದ ಹತ್ರ ಹತ್ರ. ಚಿನ್ನದ ರೇಟು ಏರಿದ ಹಾಗೆ ರೇಕಿನ ಪುಸ್ತಕದ ರೇಟೂ ಏರ್ತು, ನಾನು ಶುರು ಮಾಡಿದಾಗ ಇದ್ದಿದ್ದಕ್ಕೆ ಈಗ ಡಬಲ್‌ಗಿಂತ ಜಾಸ್ತೀನೇ ಇದೆ. ವರ್ಷಕ್ಕೆ ಎರಡು ಚಿತ್ರ ಬರೆದು ಸುಮ್ನಿರೋ ಪರಿಸ್ಥಿತಿ. ಕೈ ಹೇಗೆ ಕೂರತ್ತೆ ಹೇಳಿ, ವರ್ಷಕ್ಕೆ ಎರಡರಲ್ಲಿ?

ಐಪ್ಯಾಡ್ ತಗೊಳ್ಳಿ ಅಂತ ಎಲ್ರೂ ಹೇಳಿದ್ರು, ಹೇಳೋರಿಗೇನು, ಪೆನ್ಸಿಲ್ ಸೇರಿ ಹತ್ತಾರು ಸಾವಿರದ ಮಾತು ಅದು. ನಾನು ಮೊದ್ಲು ಎರಡೂವರೆ ಸಾವಿರಕ್ಕೆ ಸೆಕೆಂಡ್ ಹ್ಯಾಂಡ್ ಚಿಕ್ಕ ಪೆನ್ ಟ್ಯಾಬ್ಲೆಟ್ ತಗೊಂಡೆ, ಸ್ಕ್ರೀನ್ ಇಲ್ದಿರೋದು. ಅಂಗೈ ಅಗಲದ ಜಾಗ, ಅದರಲ್ಲಿ ತೋಳು ಆಡಲ್ಲ, ಬರೀ ಮಣಿಕಟ್ಟಲ್ಲಿ ಎಳೀಬೇಕು, ಸೀರೆ ನೆರಿಗೆಯ ಉದ್ದ ಗೆರೆ ಒಂದೂ ಬರ್ಲಿಲ್ಲ. ಮೂರ್ನಾಲ್ಕು ತಿಂಗಳಾದ್ಮೇಲೆ ಅದನ್ನ ಅಣ್ಣನ ಮಗಳಿಗೆ ಕೊಟ್ಟು ಹತ್ತು ಬೈ ಆರು ಇಂಚಿಂದು ಹೊಸದು ತಂದೆ, ಐದೂವರೆ ಸಾವಿರ ಇರಬೇಕು. ಸಾಫ್ಟ್‌ವೇರ್ ಕ್ರಿತಾ, ಫ್ರೀ. ತಿಂಗಳು ತಿಂಗಳು ಬಾಡಿಗೆ ಕಟ್ಟೋ ಸಾಫ್ಟ್‌ವೇರ್ ಹವ್ಯಾಸಕ್ಕೆ ಬೇಡವೇ ಬೇಡ, ಇದು ನನ್ನ ಖಡಾಖಂಡಿತ ಅಭಿಪ್ರಾಯ.

ಹೊಸ ಟ್ಯಾಬ್ಲೆಟ್ ಬಂದ್ಮೇಲೂ ಚಕ್ರ ಬರೆದ್ರೆ ಮೊಟ್ಟೆ ಆಗ್ತಿತ್ತು. ಟ್ಯಾಬ್ಲೆಟ್ಟಿನ ಅಳತೆ ಒಂದು, ಮಾನಿಟರಿನ ಅಳತೆ ಇನ್ನೊಂದು, ಡ್ರೈವರಲ್ಲಿ ಪ್ರಪೋರ್ಷನ್ ಲಾಕ್ ಮಾಡಿದ್ಮೇಲೆ ಸರಿ ಹೋಯ್ತು. ಇದನ್ನ ಯಾರೂ ಹೇಳಲ್ಲ, ಎಲ್ರೂ "ಪ್ರಾಕ್ಟೀಸ್ ಮಾಡಿ" ಅಂತಾರೆ. ಇನ್ನೊಂದು ಪ್ರೆಶರ್ ಕರ್ವ್, ಎಷ್ಟು ಒತ್ತಿದ್ರೆ ಗೆರೆ ಎಷ್ಟು ಬೀಳ್ಬೇಕು ಅನ್ನೋದು. ಅಳಿಲು ಕೂದಲಿನ ಬ್ರಷ್ ಹಿಡಿದ ಕೈಗೆ ಒತ್ತಿ ಬರೆಯೋ ಅಭ್ಯಾಸ ಇರಲ್ಲ, ಸೆಟ್ಟಿಂಗಲ್ಲಿ ಆ ಕರ್ವನ್ನ ಮೇಲಕ್ಕೆ ಎಳೆದು, ಸವರಿದ್ರೂ ಗೆರೆ ಬೀಳೋ ಹಾಗೆ ಮಾಡ್ಕೊಂಡೆ. ಪ್ಲಾಸ್ಟಿಕ್ ಮೇಲೆ ಪೆನ್ನು ಜಾರತ್ತೆ ಅಂತ ಟ್ಯಾಬ್ಲೆಟ್ ಮೇಲೆ ಬಟರ್ ಪೇಪರ್ ಅಂಟಿಸಿದೀನಿ, ಅದರಿಂದ ನಿಬ್ ಬೇಗ ಸವೆಯತ್ತೆ, ಸವೀಲಿ, ಹತ್ತು ನಿಬ್ಬಿಗೆ ಇನ್ನೂರೋ ಇನ್ನೂರೈವತ್ತೋ ಅಷ್ಟೆ.

ಅಷ್ಟಾದ್ರೂ ಮುಖ ಮಾತ್ರ ಬರ್ತಿರ್ಲಿಲ್ಲ. ಕಣ್ಣು ಮೇಲೆ, ಕೈ ಕೆಳಗೆ. ಸ್ಟೆಬಿಲೈಜರ್ ಹಾಕಿದ್ರೆ ಗೆರೆ ನುಣ್ಣಗೆ ಬರತ್ತೆ, ಆದ್ರೆ ಹುಬ್ಬಿನ ತುದಿ ಸತ್ತು ಹೋಗತ್ತೆ. ಕೊನೆಗೆ ಹಳೇ ದಾರಿಗೇ ಬಂದೆ. ಸ್ಕೆಚ್ ಪೂರ್ತಿ ಪೇಪರ್ ಮೇಲೇನೇ. ಹುಣಸೆ ಕಡ್ಡಿ ಇದ್ದಿಲಲ್ಲಿ ಬರೆದು, ಪೆನ್ಸಿಲಲ್ಲಿ ತಿದ್ದಿ, ಆಯುಧ ಯಾವ ಕೈಲಿ, ಮೈ ಬಣ್ಣ ಯಾವುದು ಅನ್ನೋದಕ್ಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿ ಗ್ರಂಥ ನೋಡ್ಕೊಂಡು, ಆಮೇಲೆ ಜೆರಾಕ್ಸ್ ಅಂಗಡಿಯಲ್ಲಿ 300 ಡಿಪಿಐಗೆ ಸ್ಕ್ಯಾನ್. ಮೊಬೈಲ್ ಫೋಟೋ ಬೇಡ, ಅಂಚು ಬಾಗತ್ತೆ, ಪ್ರಭಾವಳಿ ಸೊಟ್ಟ ಆಗತ್ತೆ. ಆ ಸ್ಕ್ಯಾನನ್ನ ಮಲ್ಟಿಪ್ಲೈ ಲೇಯರಲ್ಲಿ (ಬಿಳಿ ಮಾಯ ಆಗಿ ಗೆರೆ ಮಾತ್ರ ಕಾಣೋದು) ಮೇಲಿಟ್ಟು ಕೆಳಗೆ ಬಣ್ಣ. ಕೆಲವರು ಇದನ್ನ ಚೀಟಿಂಗ್ ಅಂತಾರೆ, ಅನ್ಲಿ.

ಬಣ್ಣದಲ್ಲಿ ಜಾಸ್ತಿ ಕಷ್ಟ ಆಗ್ಲಿಲ್ಲ. ಬಿಳೀ ಕ್ಯಾನ್ವಾಸ್ ಮೇಲೆ ಶುರು ಮಾಡ್ಬೇಡಿ, ಕಣ್ಣಿಗೆ ಹೊಡೆಯತ್ತೆ, ಅದರ ಎದುರು ಬಣ್ಣದ ಅಂದಾಜೇ ತಪ್ಪತ್ತೆ. ನಾನು ತಿಳಿ ಒಣಹುಲ್ಲಿನ ಬಣ್ಣ ತುಂಬಿ ಶುರು ಮಾಡ್ತೀನಿ. ನನ್ನ ಹಳೇ ಚಿತ್ರಗಳಿಂದ್ಲೇ ಒಂದಿಪ್ಪತ್ತು ಬಣ್ಣ ಎತ್ತಿ ಪ್ಯಾಲೆಟ್ ಮಾಡಿಟ್ಕೊಂಡಿದೀನಿ, ಅದು ಬಿಟ್ಟು ಕಲರ್ ವೀಲ್ ಕಡೆ ತಿರುಗಿ ನೋಡಲ್ಲ. ಕ್ರಮಾನೂ ಅದೇ, ಆಕಾಶ, ಬೆಟ್ಟ, ನದಿ, ಆಮೇಲೆ ಪ್ರಾಣಿ, ಮನುಷ್ಯರು, ಮುಖ ಕೊನೇಲಿ. ಲೇಯರ್ ಇದೆ ಅಂತ ಮುಖ ಮೊದ್ಲು ಮಾಡಿದ ಚಿತ್ರಗಳೆಲ್ಲಾ ಯಾಕೋ ಕೂರ್ಲಿಲ್ಲ, ಸುತ್ತಲಿನ ಬಣ್ಣ ಬಂದ್ಮೇಲೆ ಮುಖ ಬೇರೆ ಕಡೆಯಿಂದ ಕತ್ತರಿಸಿ ಅಂಟಿಸಿದ್ದು ಅನ್ಸತ್ತೆ.

ಈಗ ಚಿನ್ನ. ಸುಮಾರು ಒಂದು ವರ್ಷ ತಿಂದಿದ್ದು ಇದೇ.

ಮೊದ್ಲು ಹಳದಿ ಹಾಕಿದೆ, ಅರಿಶಿನ ಆಯ್ತು. ಆಮೇಲೆ ಇಂಟರ್ನೆಟ್ಟಿಂದ ಚಿನ್ನದ ಟೆಕ್ಸ್ಚರ್ ಫೋಟೋ ತಂದು ಕಿರೀಟದೊಳಗೆ ತುಂಬಿದೆ. ದೂರದಿಂದ ಪರವಾಗಿಲ್ಲ, ಹತ್ರ ಬಂದ್ರೆ ಫ್ಲೆಕ್ಸ್ ಬ್ಯಾನರಲ್ಲಿ ಹಾಕೋ ಚಿನ್ನ. ಒಂದು ಗೋಲ್ಡ್ ಬ್ರಷ್ ಪ್ಯಾಕಿಗೆ ಎಂಟುನೂರು ರೂಪಾಯಿ ಕೊಟ್ಟಿದ್ದೂ ದಂಡ, ಅದು ಗ್ರೀಟಿಂಗ್ ಕಾರ್ಡಿಗೆ ಸರಿ. ಆಮೇಲೆ ಲೇಯರ್ ಸ್ಟೈಲಲ್ಲಿ ಬೆವೆಲ್ ಎಂಬಾಸ್ (ಉಬ್ಬಿದ ಹಾಗೆ ತೋರಿಸೋದು) ಸಿಕ್ತು, ಆಹಾ ಸಿಕ್ಕೇಬಿಡ್ತು ಅಂದ್ಕೊಂಡು ಇಡೀ ಪ್ರಭಾವಳಿಗೆ ಹಾಕಿದ್ರೆ ಎಲ್ಲಾ ಪೂರಿ ಹಾಗೆ ಉಬ್ಕೊಂಡು ಕೂತಿತ್ತು. ತಂಜಾವೂರು ಚಿತ್ರದವರಿಗೆ ಅದು ನಡೀಬಹುದು, ಅವರ ಉಬ್ಬೇ ದಪ್ಪ. ನಮ್ಮದು ತೆಳು, ನೂಲಿನಷ್ಟು ಎತ್ತರ ಇದ್ರೆ ಹೆಚ್ಚು.

ಆಗ ಒಂದು ಕೆಲಸ ಮಾಡಿದೆ. ಗೋಡೆ ಮೇಲಿದ್ದ ನನ್ನ ಹಳೇ ಲಕ್ಷ್ಮಿಯನ್ನ ಫ್ರೇಮಿಂದ ಬಿಚ್ಚಿ, ಬೆಳಗ್ಗೆ ಕಿಟಕಿ ಹತ್ರ ಇಟ್ಟು, ಹಿಂಗೆ ಹಂಗೆ ತಿರುಗಿಸಿ ಫೋಟೋ ತೆಗ್ದೆ. ಸ್ಕ್ಯಾನರಲ್ಲಿ ಹಾಕ್ಬೇಡಿ, ರೇಕು ಕಂದು ಆಗಿ ಬರತ್ತೆ. ಆ ಫೋಟೋನ ದೊಡ್ಡದು ಮಾಡಿ ನೋಡಿದಾಗ ಗೊತ್ತಾಯ್ತು, ಚಿನ್ನದಲ್ಲಿ ಹಳದಿ ಇರೋದು ಕಮ್ಮಿ. ನೆರಳಿನ ಕಡೆ ಹೆಚ್ಚುಕಮ್ಮಿ ಕಂದುಗೆಂಪು, ಪಕ್ಕದ ಹಸಿರು ಸೀರೆ ಇರೋ ಕಡೆ ಹಸಿರು ಛಾಯೆ, ಹೊಳಪು ಬಿದ್ದ ಕಡೆ ಬಿಳಿ, ಅದೂ ಉದ್ದಕ್ಕೆ ಹರಿಯಲ್ಲ, ತುಂಡು ತುಂಡು. ಎರಡು ರೇಕು ಕೂಡೋ ಕಡೆ ಸಣ್ಣ ಮಡಿಕೆ. ಅಂಚಲ್ಲಿ ರೇಕು ಮುಗಿದು ಕೆಳಗಿನ ಮಕ್ಕಿಯ ಹಳದಿ ಒಂದು ಕೂದಲೆಳೆ ಇಣುಕ್ತಾ ಇರತ್ತೆ. ಇಷ್ಟು ವರ್ಷ ಕೈಯಾರೆ ಅಂಟಿಸಿದ ರೇಕು, ಆ ಎಳೆ ಕಣ್ಣಿಗೆ ಬಿದ್ದಿದ್ದು ಅವತ್ತೇ.

ಈಗ ಮಾಡೋದು ಹೀಗೆ. ಗೆಸ್ಸೋ ಕೆಲಸ ಪೂರ್ತಿ ಬೂದು ಬಣ್ಣದಲ್ಲಿ, ಬೇರೆ ಗ್ರೂಪಲ್ಲಿ. ಮುತ್ತಿನ ಸಾಲು, ಬಳ್ಳಿ, ಕಿರೀಟದ ಕೆತ್ತನೆ ಎಲ್ಲಾ ಮಧ್ಯದ ಬೂದಲ್ಲಿ ಗಟ್ಟಿ ಬ್ರಷ್ಷಿಂದ. ಬೆವೆಲ್ ಎರಡು ಮೂರು ಪಿಕ್ಸೆಲ್ ಅಷ್ಟೆ, ಎ3 ಸೈಜಲ್ಲಿ 300 ಡಿಪಿಐ ಅಂದ್ರೆ 4961 ಬೈ 3508 ಪಿಕ್ಸೆಲ್, ಅದಕ್ಕೆ ಅಷ್ಟು ಸಾಕು. ಬೆಳಕು ಎಡಗಡೆ ಮೇಲಿಂದ, ಇಡೀ ಚಿತ್ರಕ್ಕೆ ಒಂದೇ. ಅದರ ಮೇಲೆ ಕೈಯಲ್ಲಿ ಬಿಳಿ ತುಂಡು, ಕಪ್ಪು ತುಂಡು. ಎಲ್ಲದರ ಮೇಲೆ ಗ್ರೇಡಿಯೆಂಟ್ ಮ್ಯಾಪ್ ಫಿಲ್ಟರ್ ಲೇಯರ್, ಅದು ಬೂದು ಎಷ್ಟು ಗಾಢ ಅಂತ ನೋಡಿ ನಾವಿಟ್ಟ ಬಣ್ಣ ಹಾಕತ್ತೆ, ಬೂದು ಪೂರ್ತಿ ಚಿನ್ನ ಆಗತ್ತೆ. ಗ್ರೂಪ್ ಒಳಗೇ ಹಾಕಿ, ಇಲ್ದಿದ್ರೆ ಕೆಳಗಿನ ಸೀರೆ, ಆಕಾಶ, ಹಂಸ ಎಲ್ಲಾ ಚಿನ್ನ ಆಗಿಬಿಡತ್ತೆ. ಮ್ಯಾಪಲ್ಲಿ ನಾನು ಐದು ಬಣ್ಣ ಇಟ್ಟಿದೀನಿ. ಯಾವ ಐದು ಅಂತ ಹೇಳಲ್ಲ, ವರ್ಷ ತಿಂದ ಬಣ್ಣ ಅವು, ಮೇಲೆ ಹೇಳಿದ ಫೋಟೋ ನೀವೂ ತೆಗೆದ್ರೆ ನಿಮ್ಮ ಐದು ನಿಮಗೆ ಸಿಗತ್ತೆ. ಮಕ್ಕಿ ಎಳೆ ಬರೋಕೆ ಗೆಸ್ಸೋ ಗ್ರೂಪಿನ ಕೆಳಗೆ ಇನ್ನೊಂದು ಲೇಯರ್ ಇದೆ, ಅದನ್ನ ಎಷ್ಟು ಯಾವ ಕಡೆಗೆ ಸರಿಸ್ಬೇಕು ಅನ್ನೋದೂ ನನ್ನ ಹತ್ರಾನೇ ಇರ್ಲಿ.

ಪ್ರಭಾವಳಿ, ಮಂಟಪದ ಕಂಬ ಇವಕ್ಕೆಲ್ಲ ಮಿರರ್ ಟೂಲ್, ಅರ್ಧ ಕೆಲಸ ಉಳಿಯತ್ತೆ. ಆದ್ರೆ ಕೊನೇ ತನಕ ಮಿರರ್ ಇಟ್ರೆ ಒಂದು ಕಡೆ ಬೆಳಕು ಉಲ್ಟಾ ಬೀಳತ್ತೆ, ನೋಡಿದವರಿಗೆ ಏನೋ ಸರಿ ಇಲ್ಲ ಅನ್ಸತ್ತೆ. ಆಕಾರಕ್ಕೆ ಮಾತ್ರ ಮಿರರ್, ಹೊಳಪು ಎರಡೂ ಕಡೆ ಕೈಯಲ್ಲೇ.

ನನ್ನ ಲ್ಯಾಪ್‌ಟಾಪ್ ಎಂಟು ಜಿಬಿದು, ನಲವತ್ತು ಲೇಯರ್ ದಾಟಿದ್ರೆ ಏದುಸಿರು ಬಿಡತ್ತೆ, ಮುಗಿದ ಆಕಾಶ ಬೆಟ್ಟ ಎಲ್ಲಾ ಮರ್ಜ್ ಮಾಡ್ತಾ ಹೋಗ್ತೀನಿ. ಸೇವ್ ಇನ್‌ಕ್ರಿಮೆಂಟಲ್ ಒತ್ತಿದ್ರೆ ಪ್ರತಿ ಸಲ ಹೊಸ ಫೈಲ್, ಬ್ಯಾಟರಿ ಕೈಕೊಟ್ರೂ ಹಿಂದಿನದು ಇರತ್ತೆ.

ಪ್ರಿಂಟ್ ಇನ್ನೊಂದು ರಾಮಾಯಣ. ಮೊದ್ಲು ಕೊಟ್ಟ ಅಂಗಡಿಯವನು ಗ್ಲಾಸಿ ಪೇಪರ್ ಮೇಲೆ ಹೊಡೆದುಕೊಟ್ಟ, ಚಿನ್ನ ಕಂದು, ದೇವಿ ಮುಖ ಕಪ್ಪು, ಕೇಳಿದ್ರೆ "ಫೈಲೇ ಹಾಗಿದೆ ಸಾರ್". ಅವನ ಮಾತಲ್ಲಿ ಅರ್ಧ ನಿಜ ಇತ್ತು, ನನ್ನ ಮಾನಿಟರ್ ಬ್ರೈಟ್‌ನೆಸ್ ಪೂರ್ತಿ ಇಟ್ಟು ಬರೆದಿದ್ದು. ಈಗ ಅರ್ಧಕ್ಕಿಂತ ಕಮ್ಮಿ ಇಟ್ಟು, ಪಕ್ಕದಲ್ಲಿ ಬಿಳೀ ಹಾಳೆ ಹಿಡಿದು ಹೋಲಿಸಿ ಬರೀತೀನಿ. ಎರಡನೇದು ಬೆಂಗಳೂರಲ್ಲಿ ಆರ್ಟ್ ಪ್ರಿಂಟ್ ಮಾತ್ರ ಮಾಡೋರ ಹತ್ರ. ಅವರು ಸಿಎಂವೈಕೆ (ಪ್ರೆಸ್ಸಿನ ಇಂಕಿನ ಲೆಕ್ಕ) ಬೇಡ, ಆರ್‌ಜಿಬಿನೇ (ಸ್ಕ್ರೀನಿನ ಬಣ್ಣದ ಲೆಕ್ಕ) ಕೊಡಿ ಅಂದ್ರು, ಅವರ ಪೇಪರಿನ ಪ್ರೊಫೈಲ್ ಫೈಲೂ ಕೊಟ್ರು, ಅದನ್ನ ಕ್ರಿತಾದಲ್ಲಿ ಸಾಫ್ಟ್ ಪ್ರೂಫಿಂಗಿಗೆ ಹಾಕಿ ನೋಡಿದ್ರೆ ಯಾವ ಬಣ್ಣ ಸಾಯತ್ತೆ ಅಂತ ಮೊದ್ಲೇ ಗೊತ್ತಾಗತ್ತೆ. ಸಾಯೋದು ಯಾವಾಗ್ಲೂ ಕಡು ನೀಲಿ, ಗಿಳಿ ಹಸಿರು. ಹೊಳಪಿಲ್ಲದ ಹತ್ತಿ ಪೇಪರ್ ಮೇಲೆ ಎ3 ಒಂದಕ್ಕೆ ಏಳುನೂರು ಎಂಟುನೂರು ತಗೋತಾರೆ. ದುಬಾರಿ ಅನ್ಸತ್ತೆ, ಆದ್ರೆ ಹಳೇ ಒಂಬತ್ತು ಸಾವಿರದ ಮುಂದೆ ಏನು? ಎರಡೂ ಟ್ಯಾಬ್ಲೆಟ್, ಹಾಳಾದ ಪ್ರಿಂಟು, ಆ ಬ್ರಷ್ ಪ್ಯಾಕ್ ಎಲ್ಲಾ ಕೂಡಿದ್ರೂ ಹದಿನೈದು ಸಾವಿರ ದಾಟಿಲ್ಲ, ಅಂದ್ರೆ ಎರಡು ಹಳೇ ಚಿತ್ರದ ಖರ್ಚಿಗಿಂತ ಕಮ್ಮಿ. ಈ ವರ್ಷ ಹನ್ನೊಂದೋ ಹನ್ನೆರಡೋ ಚಿತ್ರ ಮುಗಿಸಿದೀನಿ, ನಾಲ್ಕೈದು ಪ್ರಿಂಟ್ ನೆಂಟರ ಗೃಹಪ್ರವೇಶಕ್ಕೆ ಅಂತ ಹೋದವು, ಎರಡಕ್ಕೆ ದುಡ್ಡೂ ಬಂತು.

ಕೊಡುವಾಗ "ಮೈಸೂರು ಶೈಲಿಯ ಡಿಜಿಟಲ್ ಚಿತ್ರ, ಪ್ರಿಂಟ್" ಅಂತ ಹಿಂದೆ ಬರೆದೇ ಕೊಡ್ತೀನಿ. ಮೈಸೂರು ಸಾಂಪ್ರದಾಯಿಕ ಚಿತ್ರಕ್ಕೆ 2005ರಲ್ಲೇ ಜಿಐ (ಊರಿನ ಹೆಸರಿಗೆ ಕೊಡೋ ಕಾನೂನಿನ ರಕ್ಷಣೆ) ಸಿಕ್ಕಿದೆ, ನಮ್ಮ ಪ್ರಿಂಟಿಗೆ ಆ ಹೆಸರು ಹಾಕಿ ಮಾರೋದು ರೇಕಿಗೆ ದುಡ್ಡು ಸುರಿದು ಕಣ್ಣು ಹಾಳು ಮಾಡ್ಕೊಂಡು ಬರೆಯೋರಿಗೆ ಮಾಡೋ ಮೋಸ.

ಪ್ರಿಂಟ್ ಮೇಲೆ ನಿಜವಾದ ರೇಕು ಅಂಟಿಸಿದ್ರೆ ಹೇಗೆ ಅಂತಾನೂ ನೋಡ್ದೆ, ಎಷ್ಟಾದ್ರೂ ಹಳೇ ಚಟ. ಮಾಮೂಲಿ ಇಂಕ್‌ಜೆಟ್ ಪ್ರಿಂಟಿಗೆ ಗೆಸ್ಸೋ ತಾಗಿದ ತಕ್ಷಣ ಸೀರೆ ಕೆಂಪು ಕರಗಿ ಕೈವರೆಗೂ ಹರೀತು, ಅದು ಡೈ ಇಂಕ್. ಪಿಗ್ಮೆಂಟ್ ಇಂಕಿನ ಪ್ರಿಂಟಿಗೆ ಎರಡು ಕೋಟು ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆದು, ಒಂದು ದಿನ ಒಣಗಿಸಿ ಮಾಡಿದ್ದು ನಿಂತಿದೆ. ಬರೀ ಕಿರೀಟ, ಕಂಠಿಗೆ ಮಾತ್ರ ರೇಕು, ಪ್ರಭಾವಳಿ ಪ್ರಿಂಟಿಂದು. ಐದಡಿ ದೂರದಿಂದ ಯಾವುದು ರೇಕು ಯಾವುದು ಇಂಕು ಅಂತ ಮನೆಯವರಿಗೆ ಕೇಳಿದ್ರೆ ತಪ್ಪು ಹೇಳಿದ್ರು, ಅವರು ನಡೆದು ಪಕ್ಕಕ್ಕೆ ಹೋದಾಗ ರೇಕು ಮಿಂಚಿ ಸಿಕ್ಕಿಬಿದ್ದೆ. ಆ ಒಂದು ವಿಷಯದಲ್ಲಿ ಮೇಷ್ಟ್ರೇ ಸರಿ, ಪ್ರಿಂಟಿನ ಚಿನ್ನ ನೋಡೋರ ಜೊತೆ ಅಲ್ಲಾಡಲ್ಲ.

ಈಗ ತಲೇಲಿ ಕೂತಿರೋದು ಗಂಜೀಫಾ, ದುಂಡಗಿನ ಹಳೇ ಕಾಲದ ಇಸ್ಪೀಟೆಲೆ. ದಶಾವತಾರದ ಸೆಟ್ಟಲ್ಲಿ 120 ಎಲೆ, ಹತ್ತು ಅವತಾರಕ್ಕೆ ಹನ್ನೆರಡು ಹನ್ನೆರಡು, ರಾಜ ಮಂತ್ರಿ ಬಿಟ್ರೆ ಉಳಿದ ಹತ್ತರಲ್ಲಿ ಬರೀ ಚಿಹ್ನೆ, ಒಂದರಿಂದ ಹತ್ತರವರೆಗೆ. ಇದು ಡಿಜಿಟಲ್‌ಗೆ ಹೇಳಿ ಮಾಡಿಸಿದ ಕೆಲಸ ಅಂತ ಒಂದು ಮೀನು ಬರೆದು ಐವತ್ತೈದು ಕಡೆ ಕಾಪಿ ಮಾಡ್ದೆ. ಚೆನ್ನಾಗಿ ಕಾಣ್ಲಿಲ್ಲ, ಎಲ್ಲಾ ಮೀನೂ ಒಂದೇ ಕಡೆ ನೋಡ್ತಿದ್ವು. ಈಗ ನಾಲ್ಕೈದು ಥರ ಮೀನು ಬರೆದು ಬದಲಾಯಿಸಿ ಬದಲಾಯಿಸಿ ಹಾಕ್ತೀನಿ. ದುಂಡಗೆ ಕತ್ತರಿಸೋ ಅಚ್ಚು ಮಾಡಿಸಿದ್ರೆ ಸಾವಿರ ಪೀಸ್ ಆದ್ರೂ ಬೇಕು ಅಂತಾರೆ ಪ್ರೆಸ್ಸಿನವರು, ಅದಕ್ಕೆ ಕತ್ತರೀಲೇ ನಡೀತಿದೆ. ಮತ್ಸ್ಯ ಕೂರ್ಮ ವರಾಹ ಮುಗಿದಿದೆ, ನರಸಿಂಹನ ಕಂಬದ ಹತ್ರ ಬಂದು ನಿಂತಿದೀನಿ, ಅಷ್ಟು ಚಿಕ್ಕ ದುಂಡಗಿನ ಜಾಗದಲ್ಲಿ ಕಂಬ ಒಡೆಯೋದು ಹೇಗೆ ಅಂತ ಗೊತ್ತಿದ್ದೋರು ಹೇಳಿ.